ಸೊನೆ ಇಲ್ಲದ ಮಾವಿನಹಣ್ಣು

ಬೇಸಿಗೆ ಬಂತು ಅಂದರೆ ಪರ್ಫ್ಯೂಮ್ ಬಗ್ಗೆ ಮಾತಾಡುವವರೆಲ್ಲ ಒಂದೇ ಬುದ್ಧಿ ಹೇಳುತ್ತಾರೆ. ಸಿಹಿಯದ್ದು ಬೇಡ, ನಿಂಬೆ ಜಾತಿಯದ್ದು ಹಾಕಿ. ಇಲ್ಲವಾದರೆ ಸಮುದ್ರದ ಪರಿಮಳದ್ದು ಹಾಕಿ. ವೆನಿಲ್ಲಾ, ಕ್ಯಾರಮೆಲ್, ಹಣ್ಣಿನ ಬಾಟಲಿಗಳನ್ನೆಲ್ಲ ಚಳಿಗಾಲಕ್ಕೆ ಎತ್ತಿಡಿ. ನಾನು ಕೆಲಸ ಮಾಡುವುದು ಕಾರವಾರದಲ್ಲಿ. ಇಲ್ಲಿ ಚಳಿಗಾಲ ಅಂದರೆ ಬೆಳಗಿನ ಜಾವ ಫ್ಯಾನ್ ಒಂದು ಪಾಯಿಂಟ್ ಕಡಿಮೆ ಮಾಡುವುದು, ಅಷ್ಟೇ. ಅದಕ್ಕೆ ಕಾದು ಕೂತರೆ ಸಿಹಿ ಬಾಟಲಿಯ ಮುಚ್ಚಳ ತೆಗೆಯುವ ದಿನವೇ ಬರುವುದಿಲ್ಲ.

ಇನ್ನು ಆ ಸಮುದ್ರದ ಪರಿಮಳ. 1966ರಲ್ಲಿ ಫೈಜರ್ ಕಂಪನಿಯವರಿಗೆ ಸಿಕ್ಕಿದ ಕ್ಯಾಲೋನ್ ಅನ್ನುವ ರಾಸಾಯನಿಕದಿಂದ ಬಂದದ್ದು ಅದು. ಕಲ್ಲಂಗಡಿ ಕೊಯ್ದಾಗ ಬರುವ ನೀರು ನೀರಾದ ವಾಸನೆ, ಜೊತೆಗೆ ಒಂಚೂರು ಉಪ್ಪುಗಾಳಿ. 1990ರ ದಶಕದಲ್ಲಿ ಅದನ್ನು ಹಾಕದ ಬಾಟಲಿಯೇ ಇಲ್ಲ ಅನ್ನುವಷ್ಟು ಓಡಿತು. ಯಾರಿಗೆ ಅದು ಸಮುದ್ರ ಅನ್ನಿಸುತ್ತದೋ ಗೊತ್ತಿಲ್ಲ. ಕಾರವಾರದ ಸಮುದ್ರಕ್ಕೆ ಒಣಮೀನಿನ ವಾಸನೆ ಇದೆ, ಬೋಟಿನ ಡೀಸೆಲ್ ಇದೆ, ಒದ್ದೆ ಬಲೆ ಇದೆ, ಕಾಳಿ ನದಿ ತಂದು ಸುರಿಯುವ ಕೆಸರಿದೆ. ಕ್ಯಾಲೋನ್ ಹೊಡೆದುಕೊಂಡು ಮೀನು ಮಾರ್ಕೆಟ್‌ಗೆ ಹೋಗಿ ನಿಂತರೆ ಯಾವುದು ಸಮುದ್ರ ಅಂತ ಬಂಗಡೆ ಮಾರುವ ಬಾಯಿಯೇ ತೀರ್ಪು ಕೊಡುತ್ತಾಳೆ.

ನಮ್ಮ ಕಡೆ ಬೇಸಿಗೆ ಅನ್ನುವುದೇ ಸಿಹಿ ಕಾಲ. ಫೆಬ್ರವರಿಯಿಂದ ಶುರುವಾಗಿ ಮಳೆ ಹಿಡಿಯುವವರೆಗೆ ಮೂಗಿಗೆ ಬಿಡುವೇ ಇಲ್ಲ. ಮೊದಲು ಆಲೆಮನೆ, ಆಮೇಲೆ ಗೇರುಹಣ್ಣು, ಹಲಸು, ಅನಾನಸು, ಕೊನೆಗೆ ಮಾವು. ಹೆಂಗಸರು ತಲೆಗೆ ಮುಡಿಯುವ ಹೂವೂ ಅಷ್ಟೇ, ಯಾವುದೂ ತೆಳು ಪರಿಮಳದ್ದಲ್ಲ. ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿ ಸುರಗಿ ದಂಡೆ ಮುಡಿದ ಒಬ್ಬರು ಪಕ್ಕಕ್ಕೆ ಬಂದು ಕೂತರೆ ಇಡೀ ಬೆಂಚಿಗೆ ಜೇನು ಸುರಿದದ್ದು ಗೊತ್ತಾಗುತ್ತದೆ. ಸುರಗಿ ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಭಟ್ಕಳದ ಮಲ್ಲಿಗೆಯೂ ಬಿಸಿಲು ಏರಿದಾಗಲೇ ಜಾಸ್ತಿ ನಡೆಯುವುದು. ಇವರಿಗೆಲ್ಲ ಬೇಸಿಗೆಗೆ ನಿಂಬೆ ಹಾಕಿ ಅಂತ ಯಾರೂ ಹೇಳಲಿಲ್ಲ, ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ.

ಹಾಗಾಗಿ ನಮ್ಮ ಚಿಕ್ಕಪ್ಪನ ಮಗ ದುಬೈಯಿಂದ ಬರುವಾಗ ಒಂದು ಹಣ್ಣಿನ ಪರ್ಫ್ಯೂಮ್ ತಂದುಕೊಟ್ಟಾಗ ನಾನು ಅದನ್ನು ಡಿಸೆಂಬರ್‌ಗೆ ಅಂತ ಎತ್ತಿಡಲಿಲ್ಲ. ಹೆಸರು ಬೇಡ, ದೊಡ್ಡ ಬೆಲೆಯದ್ದೂ ಅಲ್ಲ. ಅಂಥದ್ದು ಬೇಕಿದ್ದರೆ ಭಟ್ಕಳದ ಪೇಟೆಯಲ್ಲೂ ಸಿಗುತ್ತದೆ. ಅಲ್ಲಿ ಎಷ್ಟೋ ಮನೆಗಳಿಗೆ ಗಲ್ಫ್ ನಂಟಿರುವುದರಿಂದ ಸೆಂಟಿನ ವಿಷಯದಲ್ಲಿ ಅವರು ನಮಗಿಂತ ಬಹಳ ಮುಂದೆ. ಡಬ್ಬಿಯ ಮೇಲೆ ಮಾವು, ಅನಾನಸು, ಕೆನೆ, ಸುಟ್ಟ ಸಕ್ಕರೆ, ವೆನಿಲ್ಲಾ ಅಂತ ಬರೆದಿತ್ತು. ತಿನ್ನುವ ವಸ್ತುಗಳ ಪರಿಮಳ ಇರುವ ಇಂಥ ಪರ್ಫ್ಯೂಮ್‌ಗಳಿಗೆ ಆ ಉದ್ಯಮದವರು ಗೂರ್ಮಾಂಡ್ ಅಂತಾರೆ.

ಕಾರವಾರದಲ್ಲಿ ಏಪ್ರಿಲ್ ತಿಂಗಳ ಬೆಳಿಗ್ಗೆ ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಮತ್ತೆ ಬೆವರು. ಅಂಥ ಮೈಮೇಲೆ ಒಂದು ಸಲ ಹೊಡೆದುಕೊಂಡೆ. ಅನಾನಸು ಜೋರಾಗಿಯೇ ಬಂತು, ಬಾಯಲ್ಲಿ ನೀರೂರಿತು. ಸ್ಕೂಟಿ ತೆಗೆದು ಆಫೀಸಿನ ಗೇಟು ಮುಟ್ಟುವಾಗ ಅದು ಮಾಯ. ಆಮೇಲೆ ಮಾವು. ಅದೂ ಮರದ್ದಲ್ಲ, ಸ್ಟ್ರಾ ಚುಚ್ಚಿ ಕುಡಿಯುವ ಪ್ಯಾಕೆಟ್ಟಿನದ್ದು. ಊಟದ ಹೊತ್ತಿಗೆ ಮಾವೂ ಹೋಗಿ ಬರೀ ಸಕ್ಕರೆ ಉಳಿಯಿತು. ಆ ಸಕ್ಕರೆ ಮಾತ್ರ ಸಂಜೆಯವರೆಗೂ ಹೋಗಲಿಲ್ಲ, ರಾತ್ರಿ ದುಪಟ್ಟಾ ತೊಳೆದು ಹಾಕಿದ ಮೇಲೂ ಪೂರ್ತಿ ಹೋಗಿರಲಿಲ್ಲ. ಪಕ್ಕದ ಟೇಬಲಿನವರು ಮಧ್ಯಾಹ್ನ ಕೇಳಿದರು, "ಏನು ಮೇಡಂ, ಮನೇಲಿ ಮಕ್ಕಳ ಬರ್ತಡೇನಾ?"

ಇದಕ್ಕೆ ಕಾರಣ ಸರಳ. ಪರ್ಫ್ಯೂಮ್‌ನಲ್ಲಿ ಹಗುರಾದ ಅಣುಗಳು ಮೊದಲು ಹಾರುತ್ತವೆ, ಭಾರದವು ಕೊನೆಗೆ. ಹಣ್ಣಿನ ತಾಜಾತನ ಕೊಡುವವು ಹೆಚ್ಚಿನವು ಹಗುರಾದವು. ವೆನಿಲ್ಲಾ, ಸಕ್ಕರೆ ಕೊಡುವವು ನಿಧಾನದವು. ಸೆಕೆ ಜಾಸ್ತಿ ಇದ್ದಷ್ಟೂ ಮೊದಲಿನವು ಬೇಗ ಖಾಲಿಯಾಗುತ್ತವೆ. ಅದೇ ಬಾಟಲಿಯನ್ನು ಶಿರಸಿಗೆ ಒಯ್ದು, ಘಟ್ಟದ ಮೇಲಿನ ತಂಪು ಸಂಜೆಯಲ್ಲಿ ಹಾಕಿ ನೋಡಿದರೆ ಅನಾನಸು ರಾತ್ರಿ ಊಟದವರೆಗೂ ಇರುತ್ತದೆ. ದೇವಿಮನೆ ಘಟ್ಟ ಇಳಿದರೆ ಅದೇ ಸೆಂಟು ಬೇರೆ ಸೆಂಟು. ಅಂಗಡಿಯ ಏಸಿಯಲ್ಲಿ ಮಣಿಕಟ್ಟಿಗೆ ಹೊಡೆದುಕೊಂಡು ಕೊಳ್ಳುವವರು ಇದೊಂದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದರ್ಧ ಗಂಟೆ ಬಿಸಿಲಲ್ಲಿ ಓಡಾಡಿ ಬಂದು ಮತ್ತೆ ಮೂಸಿದರೆ ಅರ್ಧದಷ್ಟು ಬಾಟಲಿಗಳು ಅಂಗಡಿಯಲ್ಲೇ ಉಳಿಯುತ್ತವೆ.

ಆದರೆ ನನ್ನ ತಕರಾರು ಸಕ್ಕರೆ ಕೊನೆಗೆ ಉಳಿಯುತ್ತದೆ ಅನ್ನುವುದಲ್ಲ. ಉಳಿಯುವಾಗ ಅದು ಒಂಟಿಯಾಗಿ ಉಳಿಯುತ್ತದೆ ಅನ್ನುವುದು.

ಸುಟ್ಟ ಸಕ್ಕರೆಯ ಆ ಪರಿಮಳಕ್ಕೆ ಮುಖ್ಯವಾಗಿ ಬಳಸುವುದು ಈಥೈಲ್ ಮಾಲ್ಟಾಲ್. ಅದರ ಅಣ್ಣ ಮಾಲ್ಟಾಲ್ ನಿಸರ್ಗದಲ್ಲೇ ಇದೆ, ಸಕ್ಕರೆಯನ್ನೋ ಮೊಳಕೆ ಬರಿಸಿದ ಧಾನ್ಯವನ್ನೋ ಹುರಿದಾಗ ಹುಟ್ಟುತ್ತದೆ. ಈಥೈಲ್ ಮಾಲ್ಟಾಲ್ ಮನುಷ್ಯರೇ ಮಾಡಿದ್ದು, ಅಣ್ಣನಿಗಿಂತ ಹಲವು ಪಟ್ಟು ಜೋರು. 1992ರಲ್ಲಿ ಫ್ರಾನ್ಸಿನ ಫ್ಯಾಷನ್ ವಿನ್ಯಾಸಕ ಥಿಯರಿ ಮ್ಯೂಗ್ಲರ್ ಹೆಸರಿನಲ್ಲಿ ಏಂಜೆಲ್ ಅನ್ನುವ ಪರ್ಫ್ಯೂಮ್ ಬಂತು, ಮಾಡಿದವರು ಒಲಿವಿಯೆ ಕ್ರೆಸ್ಪ್. ಈಗಿನ ಗೂರ್ಮಾಂಡ್‌ಗಳ ಹಿರಿಯಕ್ಕ ಅದೇ. ಮ್ಯೂಗ್ಲರ್‌ಗೆ ಚಿಕ್ಕಂದಿನ ಜಾತ್ರೆಯ ಬಾಂಬೆ ಮಿಠಾಯಿಯ ಪರಿಮಳ ಬೇಕಿತ್ತಂತೆ. ನಮ್ಮ ಮಾರಿಕಾಂಬಾ ಜಾತ್ರೆಯಲ್ಲಿ ಆ ಮಿಠಾಯಿ ಸುತ್ತುವ ಗಾಡಿಯ ಹತ್ತಿರ ನಿಂತವರಿಗೆ ಅವರು ಹೇಳಿದ್ದು ಏನು ಅಂತ ತಕ್ಷಣ ಗೊತ್ತಾಗುತ್ತದೆ. ಆದರೆ ಏಂಜೆಲ್‌ನಲ್ಲಿ ಬರೀ ಮಿಠಾಯಿ ಇಲ್ಲ. ಅಡಿಯಲ್ಲಿ ದಂಡಿಯಾಗಿ ಪ್ಯಾಚುಲಿ ಅನ್ನುವ ಎಲೆಯ ಎಣ್ಣೆ ಇದೆ. ಮಣ್ಣು, ಕಹಿ, ಹಳೆ ಮರ. ಆ ಕಹಿ ಇದ್ದದ್ದಕ್ಕೇ ಸಿಹಿ ನಿಂತಿತು. ಆಮೇಲೆ ಬಂದ ಎಷ್ಟೋ ಅಗ್ಗದ ಬಾಟಲಿಗಳು ಕಹಿಯನ್ನು ತೆಗೆದು ಸಕ್ಕರೆಯನ್ನಷ್ಟೇ ಇಟ್ಟುಕೊಂಡವು.

ಆಲೆಮನೆಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಣದಿಂದ ಬಂದ ಕಬ್ಬಿನ ಹಸಿ ಹಾಲು ಕೊಪ್ಪರಿಗೆಗೆ ಬಿದ್ದಾಗ ಬರುವುದು ಹುಲ್ಲಿನ ವಾಸನೆ. ಆಗ ಅದು ಸಿಹಿ ಅಂತ ಮೂಗಿಗೆ ಅನ್ನಿಸುವುದೇ ಇಲ್ಲ. ಕುದಿ ಬರುವಾಗ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಚೆಲ್ಲುವಾಗ ಗದ್ದೆಯ ಮಣ್ಣಿನ ವಾಸನೆ ಬರುತ್ತದೆ. ಒಲೆಗೆ ಒಣ ಸೋಗೆ, ಕಬ್ಬಿನ ಸಿಪ್ಪೆ ತುರುಕುತ್ತಾ ಇರುತ್ತಾರಲ್ಲ, ಆ ಹೊಗೆ ಬೇರೆ. ಗಂಟೆಗಟ್ಟಲೆ ಕುದಿದು ನೊರೆ ದಪ್ಪವಾಗಿ, ಬಣ್ಣ ಕೆಂಪಗಾಗಿ, ಗುಳ್ಳೆಗಳು ದೊಡ್ಡದಾಗಿ ಒಡೆಯಲು ಶುರುವಾದ ಮೇಲೆಯೇ ಬೆಲ್ಲದ ಪರಿಮಳ. ಆ ಹೊತ್ತಿಗೆ ಮೂಗಿನಲ್ಲಿ ಹುಲ್ಲು, ಮಣ್ಣು, ಹೊಗೆ ಎಲ್ಲ ಸೇರಿಕೊಂಡಿರುತ್ತದೆ. ನಮ್ಮ ಜೋನಿಬೆಲ್ಲದ, ಅಂದರೆ ನೀರುಬೆಲ್ಲದ, ಡಬ್ಬ ತೆರೆದರೆ ಅದೆಲ್ಲ ಸಣ್ಣಗೆ ಇದ್ದೇ ಇರುತ್ತದೆ. ತೊಡೆದೇವು ಅನ್ನುವ ತೆಳು ಸಿಹಿತಿಂಡಿ ಮಾಡುವಾಗ ಬೋರಲು ಹಾಕಿದ ಗಡಿಗೆಯ ಮೇಲೆ ಕಬ್ಬಿನ ಹಾಲಿನ ಹಿಟ್ಟು ತೊಡೆದ ತಕ್ಷಣ ಚುಂಯ್ ಅಂತ ಏಳುವ ಆವಿ ಇದೆಯಲ್ಲ, ಅದನ್ನು ಯಾರಾದರೂ ಬಾಟಲಿಗೆ ತುಂಬಿದರೆ ನಾನು ಸಾಲ ಮಾಡಿಯಾದರೂ ತಗೊಳ್ಳುತ್ತೇನೆ. ಅದರಲ್ಲಿ ಸಿಹಿ ಇದೆ, ಸುಟ್ಟ ಅಕ್ಕಿ ಇದೆ, ಮಡಕೆ ಇದೆ.

ಇನ್ನು ಹಣ್ಣಿನ ಕಡೆ ಬರೋಣ. ಬಾಟಲಿಯಲ್ಲಿ ಅನಾನಸು ಇದೆ ಅಂದರೆ ಯಾರೂ ಅನಾನಸು ಹಿಂಡಿ ಹಾಕಿಲ್ಲ. ಕಿತ್ತಳೆ, ನಿಂಬೆ ಜಾತಿಯ ಸಿಪ್ಪೆಯಿಂದ ಎಣ್ಣೆ ಹಿಂಡಬಹುದು. ಮಲ್ಲಿಗೆ, ಗುಲಾಬಿಯಿಂದ ತೆಗೆಯಬಹುದು. ಆದರೆ ಮಾವು, ಅನಾನಸು, ಬಾಳೆ, ಪೀಚ್ ಇವುಗಳ ತಿರುಳಿನಿಂದ ಪರ್ಫ್ಯೂಮ್‌ಗೆ ಆಗುವಂಥ ಎಣ್ಣೆ ಬರುವುದಿಲ್ಲ. ನೀರೇ ಜಾಸ್ತಿ, ಪರಿಮಳದ ಅಂಶ ತೀರಾ ಕಡಿಮೆ, ಕಾಯಿಸಿದರೆ ಜಾಮ್ ಆಗುತ್ತದೆ. ಹಾಗಾಗಿ ಎಲ್ಲ ರಾಸಾಯನಿಕವಾಗಿ ಕಟ್ಟಿದ್ದು. ಅನಾನಸಿಗೆ ಅಲೈಲ್ ಕ್ಯಾಪ್ರೋಯೇಟ್, ಪೀಚಿಗೆ ಗಾಮಾ ಅಂಡೆಕಾಲ್ಯಾಕ್ಟೋನ್. ಈ ಎರಡನೆಯದನ್ನು ಗೆರ್ಲಾನ್ ಕಂಪನಿಯವರು 1919ರಲ್ಲೇ ಮಿತ್ಸುಕೋ ಅನ್ನುವ ಪರ್ಫ್ಯೂಮ್‌ಗೆ ಹಾಕಿದ್ದರು, ಅಂದರೆ ಹಣ್ಣಿನ ಸೆಂಟು ಇವತ್ತಿನ ಹುಡುಗಿಯರ ಹುಚ್ಚು ಅಲ್ಲ. ಬೇಸಿಗೆಗೆ ಅಂತಲೇ ಹಣ್ಣಿನ ಪರ್ಫ್ಯೂಮ್ ಮಾಡಿ, ಆ ಹಂಗಾಮಿಗಷ್ಟೇ ಮಾರುವ ಪದ್ಧತಿಯನ್ನು ಎಸ್ಕಾಡಾ ಕಂಪನಿಯವರು 1993ರಲ್ಲಿ ಶಿಫಾನ್ ಸಾರ್ಬೆಯಿಂದ ಶುರು ಮಾಡಿದರು. ಯುರೋಪಿನವರಿಗೂ ಬೇಸಿಗೆಗೆ ಸಿಹಿ ಬೇಕಿತ್ತು ಅಂತಾಯಿತಲ್ಲ. ಮತ್ತೆ ನಮಗ್ಯಾಕೆ ಬುದ್ಧಿ ಹೇಳುತ್ತಾರೋ.

ರಾಸಾಯನಿಕ ಅಂದ ಕೂಡಲೇ ಮೂಗು ಮುರಿಯುವವರು ನಮ್ಮಲ್ಲಿ ಜಾಸ್ತಿ. ಬನವಾಸಿ ಕಡೆಯ ಹೊಲದಲ್ಲಿ ಹಣ್ಣಾಗಿ ಒಡೆಯುವ ಹಾಗಿರುವ ಅನಾನಸಿನ ಒಳಗೂ ಇರುವುದು ಎಸ್ಟರ್ ಅನ್ನುವ ಇಂಥ ರಾಸಾಯನಿಕಗಳೇ. ವ್ಯತ್ಯಾಸ ಏನೆಂದರೆ ಅಲ್ಲಿ ಹತ್ತಾರು ಒಟ್ಟಿಗೆ ಇರುತ್ತವೆ, ಜೊತೆಗೆ ತುಸು ಗಂಧಕದ ಕಮಟು, ಹುಳಿ, ಎಲೆಯ ಹಸಿರು. ಬಾಟಲಿಯಲ್ಲಿ ಅಗ್ಗಕ್ಕೆ ಸಿಗುವ ಒಂದೆರಡು ಇರುತ್ತವೆ.

ಬಾಳೆಹಣ್ಣಿನ ವಿಷಯದಲ್ಲಿ ಮಾತ್ರ ಎಚ್ಚರ ಹೇಳಿಬಿಡುತ್ತೇನೆ, ಘಟ್ಟದ ಮೇಲಿನವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಬಾಳೆಹಣ್ಣಿನ ಪರಿಮಳ ಕೊಡುವುದು ಐಸೋಅಮೈಲ್ ಅಸಿಟೇಟ್. ಜೇನುಹುಳ ಕುಟುಕಿದಾಗ ಉಳಿದ ಹುಳಗಳಿಗೆ ಅಪಾಯದ ಸುದ್ದಿ ಮುಟ್ಟಿಸಲು ಬಿಡುವ ವಾಸನೆಯಲ್ಲೂ ಮುಖ್ಯವಾಗಿ ಇರುವುದು ಅದೇ. 1962ರಲ್ಲಿ ಇದನ್ನು ಕಂಡುಹಿಡಿದರು. ನಮ್ಮ ಸೋದರಮಾವ ತೋಟದಲ್ಲಿ ತುಡುವೆ ಪೆಟ್ಟಿಗೆ ಇಟ್ಟವರು. ಈ ರಸಾಯನಶಾಸ್ತ್ರ ಅವರಿಗೆ ಬೇಕಾಗಿಲ್ಲ, ಬಾಳೆಹಣ್ಣು ತಿಂದ ಕೈಯಲ್ಲಿ ಪೆಟ್ಟಿಗೆ ಹತ್ತಿರ ಬಂದರೆ ಬೈಯುತ್ತಾರೆ. ನನ್ನ ಹೊಸ ಸೆಂಟಿನ ಘಮ ಅಂಗಳದಿಂದಲೇ ಸಿಕ್ಕಿ, "ನೀ ಅಲ್ಲೇ ನಿಲ್ಲು ತಂಗಿ" ಅಂದುಬಿಟ್ಟರು. ನನ್ನದರಲ್ಲಿ ಬಾಳೆ ಇದೆ ಅಂತ ಡಬ್ಬಿಯ ಮೇಲೆ ಬರೆದಿರಲಿಲ್ಲ. ಆದರೆ ಹಣ್ಣಿನ ಸೆಂಟುಗಳಲ್ಲಿ ಏನೇನು ಸೇರಿರುತ್ತದೆ ಅಂತ ಪೂರ್ತಿ ಬರೆಯುವವರು ಯಾರಿದ್ದಾರೆ? ಮಾವ ಹೇಳಿದ್ದೇ ಸರಿ.

ಈಗ ಮಾವು. ಅಂಕೋಲಾದ ಕರಿ ಇಶಾಡ ತಿಂದವರಿಗೆ ನಾನು ಏನು ಹೇಳಹೊರಟಿದ್ದೇನೆ ಅಂತ ಗೊತ್ತಾಗುತ್ತದೆ. 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಬಂತು. ಮೇ ತಿಂಗಳಲ್ಲಿ ಅಂಕೋಲಾ ರಸ್ತೆ ಬದಿಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಒಂದು ಹಣ್ಣು ಎತ್ತಿ ತೊಟ್ಟಿನ ಹತ್ತಿರ ಮೂಸಿ ನೋಡಿ. ಮೊದಲು ಬರುವುದು ಸಿಹಿ ಅಲ್ಲ. ಸೊನೆ. ಸಣ್ಣಗೆ ಟರ್ಪೆಂಟೈನ್, ಸಣ್ಣಗೆ ಕರ್ಪೂರ, ಎಲೆ ಮುರಿದ ವಾಸನೆ. ಅದರ ಹಿಂದೆ ಜೇನು. ಆಮೇಲೆ ತಿರುಳು. ಸಿಪ್ಪೆ ತೆಳು, ರಸ ಮೊಣಕೈವರೆಗೆ ಇಳಿಯುತ್ತದೆ, ಹೆಚ್ಚು ದಿನ ಇಡುವ ಹಣ್ಣೂ ಅಲ್ಲ. ತಿಂದು ಕೈ ತೊಳೆದ ಮೇಲೆ ಬೆರಳಲ್ಲಿ ಉಳಿಯುವುದೂ ಸಿಹಿ ಅಲ್ಲ, ಅದೇ ಸೊನೆ.

ಮಾವಿನಲ್ಲಿ ಟರ್ಪೀನ್‌ಗಳು ಅನ್ನುವ ಅಂಶಗಳು ಬೇಕಾದಷ್ಟಿವೆ, ಟರ್ಪೆಂಟೈನ್ ಎಣ್ಣೆಯಲ್ಲಿ ಇರುವುದೂ ಅದೇ ಕುಲದವು. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಕೊಯ್ಯುವವರು ಕಾಯಿಯನ್ನು ಆರಿಸುವುದೇ ಇದರ ಮೇಲೆ. ತೊಟ್ಟು ಮುರಿದು ಮೂಸಿ, ಇದು ಜೀರಿಗೆ, ಇದು ಕರ್ಪೂರ ಅಂತ ಹೇಳುತ್ತಾರೆ. ನಮ್ಮ ಮನೆಯ ಆಯಿಗೆ ಉಪ್ಪಿನಕಾಯಿಯ ಮಿಡಿ ಯಾವ ಮರದ್ದು ಅಂತ ಭರಣಿ ತೆರೆದ ಕೂಡಲೇ ಗೊತ್ತಾಗುತ್ತದೆ. ರುಚಿ ಆಮೇಲೆ, ಸೊನೆ ಮೊದಲು. ಸೊನೆ ತಾಗಿ ತುಟಿ ಸುಟ್ಟುಕೊಳ್ಳದ ಮಗು ನಮ್ಮ ಊರಲ್ಲಿ ಇಲ್ಲ. ಆದರೂ ಯಾರೂ ಸೊನೆ ಇಲ್ಲದ ಮಾವಿನ ಮಿಡಿ ಬೇಕು ಅಂದದ್ದು ಕೇಳಿಲ್ಲ.

ಪರ್ಫ್ಯೂಮ್‌ನವರು ಮೊದಲು ತೆಗೆದು ಹಾಕುವುದು ಅದನ್ನೇ. ಸೊನೆ ಕೊಳ್ಳುವವರನ್ನು ಹೆದರಿಸುತ್ತದೆ ಅಂತಿರಬೇಕು. ತಿರುಳಿನ ಸಿಹಿ, ಹಾಲಿನ ಕೆನೆ, ವೆನಿಲ್ಲಾ ಇಟ್ಟುಕೊಂಡು ಮಾವು ಅನ್ನುತ್ತಾರೆ. ಎದುರು ದಾರಿ ಹಿಡಿದವರೂ ಇದ್ದಾರೆ. 2005ರಲ್ಲಿ ಹರ್ಮೆಸ್ ಕಂಪನಿಗೆ ಜ್ಯಾಂ ಕ್ಲೋದ್ ಎಲೆನಾ ಮಾಡಿದ ಅಂ ಜಾರ್ದಾಂ ಸುರ್ ಲ ನೀಲ್. ಈಜಿಪ್ಟಿನ ಅಸ್ವಾನ್‌ನಲ್ಲಿ ನೈಲ್ ನದಿಯ ದಡದ ಮರಗಳಲ್ಲಿ ನೇತಾಡುತ್ತಿದ್ದ ಹಸಿ ಮಾವಿನಕಾಯಿಯ ವಾಸನೆ ಅವರನ್ನು ಹಿಡಿದಿತ್ತು. ಅದರ ಸುತ್ತ ಕಟ್ಟಿದ ಪರ್ಫ್ಯೂಮ್ ಅದು. ಬೆಂಗಳೂರಿನ ಮಾಲ್ ಒಂದರಲ್ಲಿ ಕಾಗದದ ಪಟ್ಟಿಗೆ ಹಾಕಿ ಮೂಸಿದೆ. ತೊಟ್ಟು ಮುರಿದ ವಾಸನೆ, ಹುಳಿ, ನೀರು. ಎರಡು ಕ್ಷಣ ಮಾವಿನಕಾಯಿಯ ಅಪ್ಪೆಹುಳಿ ನೆನಪಾಯಿತು, ಒಗ್ಗರಣೆಯೊಂದು ಕಮ್ಮಿ. ಆದರೆ ಅದರಲ್ಲಿ ಸಿಹಿಯೇ ಇಲ್ಲ, ಬೆಲೆ ಕೇಳಿ ಪಟ್ಟಿಯನ್ನು ಪರ್ಸಿಗೆ ಹಾಕಿಕೊಂಡು ಬಂದೆ. ಒಂದು ಕಡೆ ಬರೀ ಕಾಯಿ, ಇನ್ನೊಂದು ಕಡೆ ಬರೀ ಪಾಕ. ಹಣ್ಣು ಎಲ್ಲಿ?

ವೆನಿಲ್ಲಾದ ಕಥೆ ಹೇಳದೆ ಮುಂದೆ ಹೋಗಲಾರೆ. ಶಿರಸಿ ಸೀಮೆಯ ತೋಟದವರಿಗೆ ವೆನಿಲ್ಲಾ ಅಂದರೆ ಐಸ್‌ಕ್ರೀಮ್ ನೆನಪಾಗುವುದಿಲ್ಲ, ಬೇರೇನೋ ನೆನಪಾಗುತ್ತದೆ. 2000ನೇ ಇಸವಿಯಲ್ಲಿ ಹುಡಾ ಚಂಡಮಾರುತ ಮಡಗಾಸ್ಕರ್‌ಗೆ ಬಡಿದು ಅಲ್ಲಿನ ಬೆಳೆ ಹಾಳಾಯಿತು. ಜಗತ್ತಿಗೆ ಹೆಚ್ಚಿನ ವೆನಿಲ್ಲಾ ಕೊಡುತ್ತಿದ್ದದ್ದು ಅವರೇ. ಬೆಲೆ ಏರಿತು. 2003ರ ಹೊತ್ತಿಗೆ ಹಸಿ ಕೋಡೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಅಡಿಕೆ ತೋಟದಲ್ಲಿ ಗ್ಲಿರಿಸಿಡಿಯಾ ಕಂಬ ನೆಟ್ಟು ಬಳ್ಳಿ ಹಬ್ಬಿಸದ ಮನೆ ಕಡಿಮೆ. ರಾತ್ರಿ ಕಾವಲು, ನಾಯಿ, ಬ್ಯಾಟರಿ. ಬಳ್ಳಿಯ ತುಂಡುಗಳನ್ನೇ ಜನ ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಒಂದೆರಡು ವರ್ಷದಲ್ಲಿ ಬೆಲೆ ದೊಪ್ಪನೆ ಬಿತ್ತು. ಬಳ್ಳಿ ಹಾಗೇ ಉಳಿದವು, ಕೊಯ್ಯುವವರು ಇಲ್ಲ.

ನಮ್ಮ ಮನೆಯಲ್ಲೂ ಇತ್ತು. ವೆನಿಲ್ಲಾ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಮೆಕ್ಸಿಕೋದ ಗಿಡ ಅದು, ಇಲ್ಲಿನ ಹುಳಗಳಿಂದ ಅದರ ಕೆಲಸ ಆಗುವುದಿಲ್ಲ. ಹಾಗಾಗಿ ಕೈಯಲ್ಲೇ ಪರಾಗ ಮುಟ್ಟಿಸಬೇಕು. ಈ ಉಪಾಯವನ್ನು ಜಗತ್ತಿಗೆ ತೋರಿಸಿದ್ದು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಆಗ ಅವನಿಗೆ ಹನ್ನೆರಡು ವರ್ಷ. ಅಪ್ಪ ಹಿಡಿಕಡ್ಡಿಯ ತುದಿ ಚೂಪು ಮಾಡಿಕೊಂಡು ಬೆಳಗಿನ ಚಹಾಕ್ಕೆ ಮೊದಲೇ ತೋಟಕ್ಕೆ ಇಳಿಯುತ್ತಿದ್ದರು. ಎಡಗೈಯಲ್ಲಿ ಹೂವು ಹಿಡಿದು, ಕಡ್ಡಿಯಲ್ಲಿ ಎಸಳು ಸೀಳಿ, ಒಳಗಿನ ಸಣ್ಣ ಪೊರೆ ಮೇಲೆತ್ತಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಬೇಕು. ನಾನೂ ಒತ್ತಿದ್ದೇನೆ. ಎಂಟು-ಒಂಬತ್ತು ತಿಂಗಳಾದ ಮೇಲೆ ಕೋಡು ಕೊಯ್ಯುವುದು. ಕೊಯ್ದ ಕೋಡಿಗೆ ಪರಿಮಳವೇ ಇಲ್ಲ, ಮೂಸಿದರೆ ಬರೀ ಬೀನ್ಸು. ಬಿಸಿನೀರಲ್ಲಿ ಅದ್ದಿ ತೆಗೆದು, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ, ಮತ್ತೆ ಸುತ್ತಿ ಇಟ್ಟು, ಹೀಗೆ ವಾರಗಟ್ಟಲೆ ಮಾಡಿದ ಮೇಲೆ ಕೋಡು ಕಪ್ಪಾಗಿ ಸುಕ್ಕಾಗಿ ಪರಿಮಳ ಹುಟ್ಟುತ್ತದೆ.

ಅಪ್ಪನ ಕಪಾಟಿನಲ್ಲಿ ಈಗಲೂ ಒಂದು ಸ್ಟೀಲ್ ಡಬ್ಬಿಯಲ್ಲಿ ಆ ಕಾಲದ ಕೆಲವು ಕೋಡು ಇವೆ. ನನ್ನ ಬಾಟಲಿ ಮೂಸಿ ನೋಡಿದ ಅಪ್ಪ, "ಇದ್ರಲ್ಲಿ ನಮ್ಮ ವೆನಿಲ್ಲಾ ಇದ್ದಾ?" ಅಂತ ಕೇಳಿದರು. ಇಲ್ಲ ಅಂದೆ. 1874ರಲ್ಲೇ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ವೆನಿಲಿನ್ ಅನ್ನುವ ಅಂಶವನ್ನು ಪ್ರಯೋಗಾಲಯದಲ್ಲಿ ಮಾಡಿದ್ದರು. ಇವತ್ತು ಜಗತ್ತಿನಲ್ಲಿ ಬಳಕೆಯಾಗುವ ವೆನಿಲಿನ್‌ನ ಬಹುಪಾಲು ಬಳ್ಳಿ ಕಂಡದ್ದೇ ಅಲ್ಲ. ಅಪ್ಪ ಡಬ್ಬಿ ತಂದು ಒಂದು ಕೋಡು ಮುರಿದು ಕೊಟ್ಟರು. ಎರಡನ್ನೂ ಒಟ್ಟಿಗೆ ಮೂಸಿದಾಗ ಬಾಟಲಿಯ ವೆನಿಲ್ಲಾ ಬೆಳ್ಳಗಿತ್ತು, ಬಿಸ್ಕತ್ತಿನ ಕೆನೆ. ಕೋಡಿನಲ್ಲಿ ಒಣದ್ರಾಕ್ಷಿ, ತಂಬಾಕು, ಹೊಗೆ, ಚರ್ಮದ ಚೀಲ, ಒಂಚೂರು ಹುಳಿ. ಇಷ್ಟು ವರ್ಷ ಡಬ್ಬಿಯಲ್ಲಿದ್ದರೂ. ಚೆನ್ನಾಗಿ ಹದ ಮಾಡಿದ ಕೋಡಿನಲ್ಲಿ ವೆನಿಲಿನ್ ಇರುವುದು ನೂರಕ್ಕೆ ಎರಡರಷ್ಟು ಮಾತ್ರ, ಅದರ ಜೊತೆ ಇನ್ನೂರಕ್ಕೂ ಹೆಚ್ಚು ಬೇರೆ ಪರಿಮಳದ ಅಂಶಗಳು. ಅಪ್ಪ ಬಾಟಲಿ ಮುಚ್ಚಿ ಕೊಟ್ಟು, "ಇದು ಪೇಟೆದು" ಅಂದರು. ಅದಕ್ಕಿಂತ ಚಿಕ್ಕ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಇಷ್ಟೆಲ್ಲ ಬೈದರೂ ಬಾಟಲಿ ಬಿಸಾಡಲಿಲ್ಲ, ದಿನಾ ಹಾಕುತ್ತೇನೆ. ಹೇಗೆ ಅಂತ ಹೇಳುತ್ತೇನೆ.

ಮೊದಲನೆಯದು, ಒಂದೇ ಸಲ ಹೊಡೆಯುವುದು. ಹಾಕಿಕೊಂಡವರ ಮೂಗು ಬೇಗ ಒಗ್ಗಿಹೋಗುತ್ತದೆ, ಪರಿಮಳ ಹೋಯಿತು ಅನ್ನಿಸಿ ಮತ್ತೆ ಹೊಡೆಯುತ್ತಾರೆ. ಹೋಗಿರುವುದಿಲ್ಲ. ಕುಮಟಾ ಬಸ್ಸಿನಲ್ಲಿ ಕಿಟಕಿ ತೆರೆಯದ ಸೀಟಿನಲ್ಲಿ ಕೂತಾಗ ಪಕ್ಕದವರ ಮುಖ ನೋಡಿದರೆ ಗೊತ್ತಾಗುತ್ತದೆ. ಸಿಹಿ ಸೆಂಟಿನಿಂದ ತಲೆನೋವು ಬರುವವರು ಬಹಳ ಜನ, ಅವರನ್ನು ನಾಜೂಕಿನವರು ಅಂತ ನಗಬೇಡಿ. ಘಟ್ಟದ ರಸ್ತೆಯಲ್ಲಂತೂ ಹಾಕಲೇಬೇಡಿ, ಮೊದಲೇ ತಿರುವು.

ಬಿಳಿ ಬಟ್ಟೆಗೆ ಬೇಡ. ವೆನಿಲಿನ್ ಗಾಳಿ ಬೆಳಕಿಗೆ ಕಂದಾಗುತ್ತದೆ. ಬಾಟಲಿಯಲ್ಲಿನ ದ್ರವವೂ ದಿನ ಕಳೆದಂತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಕೆಟ್ಟಿತು ಅಂತಲ್ಲ, ಅದರ ಗುಣವೇ ಹಾಗೆ. ಆದರೆ ಬಿಳಿ ಕುರ್ತಾದ ಕತ್ತಿನ ಹತ್ತಿರ ಬಿದ್ದ ಕಲೆ ಮಾತ್ರ ಹೋಗುವುದಿಲ್ಲ. ರೇಷ್ಮೆಗಂತೂ ಯಾವ ಸೆಂಟನ್ನೂ ನೇರ ಹೊಡೆಯಬಾರದು. ನಾನು ಕಾಟನ್ ಬಟ್ಟೆಯ ಒಳಮಡಿಕೆಗೆ ಹೊಡೆಯುತ್ತೇನೆ. ಮೈಯ ಬಿಸಿ ನೇರ ತಾಗದ್ದರಿಂದ ಹಣ್ಣು ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತದೆ.

ಇದೆಲ್ಲ ಎಲ್ಲರೂ ಹೇಳುವುದೇ. ನನಗೆ ಕೆಲಸಕ್ಕೆ ಬಂದದ್ದು ಲಾವಂಚ. ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ಬೇರು ಹಾಕುತ್ತಾರಲ್ಲ, ಅದೇ. ಅದರ ಎಣ್ಣೆ ತುಂಬ ನಿಧಾನಕ್ಕೆ ಆರುವಂಥದ್ದು, ಪರ್ಫ್ಯೂಮ್ ಮಾಡುವವರು ಉಳಿದ ಪರಿಮಳಗಳನ್ನು ಹಿಡಿದು ನಿಲ್ಲಿಸಲು ಅಡಿಗೆ ಹಾಕುತ್ತಾರೆ. ಭಟ್ಕಳದಲ್ಲಿ ಸಣ್ಣ ಶೀಶೆಯಲ್ಲಿ ಅತ್ತರಾಗಿ ಸಿಗುತ್ತದೆ. ಅಂಗಡಿಯ ಹಿರಿಯರು ಗಾಜಿನ ಕಡ್ಡಿಯಲ್ಲಿ ಕೈಗೆ ಹಚ್ಚಿ, "ಇದನ್ನು ಇವತ್ತು ನೋಡಬೇಡಿ ಅಕ್ಕ, ನಾಳೆ ಬೆಳಿಗ್ಗೆ ನೋಡಿ" ಅಂದರು. ಮರುದಿನ ಬೆಳಿಗ್ಗೆಯೂ ಇತ್ತು. ಮಣ್ಣು, ಬೇರು, ತುಸು ಕಹಿ, ತುಸು ಹೊಗೆ.

ಒಂದು ಬೊಟ್ಟು ಲಾವಂಚ ಮಣಿಕಟ್ಟಿಗೆ ಹಚ್ಚಿ, ಅದು ಆರಿದ ಮೇಲೆ ಹಣ್ಣಿನ ಸೆಂಟು ಬಟ್ಟೆಯ ಮಡಿಕೆಗೆ ಒಂದು ಸಲ. ಅಷ್ಟೇ. ಮಧ್ಯಾಹ್ನ ಮಾವು ಹೋಗಿ ಸಕ್ಕರೆ ಉಳಿಯುವ ಹೊತ್ತಿಗೆ ಅಡಿಯಿಂದ ಬೇರು ಏಳುತ್ತದೆ. ಸಕ್ಕರೆಗೆ ಒಂದು ಜೊತೆ ಸಿಗುತ್ತದೆ. ಜೋನಿಬೆಲ್ಲದ ಡಬ್ಬದ ಹತ್ತಿರ ಹತ್ತಿರ ಬರುತ್ತದೆ ಅಂದರೂ ತಪ್ಪಿಲ್ಲ. ಇಶಾಡ ಆಗುವುದಿಲ್ಲ, ಅದನ್ನು ಯಾವ ಬಾಟಲಿಯೂ ಮಾಡಲಾರದು. ಆದರೆ ಬರ್ತಡೇ ಕೇಕಿನಿಂದ ಬಿಡುಗಡೆ ಸಿಕ್ಕಿತು.

ಲಾವಂಚ ಇಲ್ಲದಿದ್ದರೆ ಗಂಧದ ಎಣ್ಣೆಯಲ್ಲೂ ಮಾಡಿ ನೋಡಬಹುದು. ನನಗೆ ಅದು ಅಷ್ಟು ಹಿಡಿಸಲಿಲ್ಲ. ಗಂಧಕ್ಕೆ ತನ್ನದೇ ಒಂದು ಹಾಲಿನ ಸಿಹಿ ಇದೆ, ಸಿಹಿಗೆ ಸಿಹಿ ಸೇರಿ ಪಾಯಸ ಆಗುತ್ತದೆ. ಹುಳಿ ಬೇಕು ಅನ್ನುವವರು ಮೇಲಿಂದ ನಿಂಬೆ ಜಾತಿಯದ್ದು ಹಾಕಿಕೊಳ್ಳಬಹುದು, ಆದರೆ ಕಾರವಾರದ ಬಿಸಿಲಿಗೆ ಅದು ಆಫೀಸು ಮುಟ್ಟುವುದಿಲ್ಲ. ಅದರಲ್ಲಿ ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಎಣ್ಣೆ ಇದ್ದರೆ ಬಿಸಿಲು ಬೀಳುವ ಚರ್ಮಕ್ಕೆ ಹಚ್ಚಬೇಡಿ, ಕೆಲವರಿಗೆ ಕಪ್ಪು ಕಲೆ ಏಳುತ್ತದೆ.

ಇದು ಮೇ ಕೊನೆಯವರೆಗೆ ಮಾತ್ರ ನಡೆಯುವ ಜೋಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಟ್ಟೆ ಒಣಗುವುದೇ ಇಲ್ಲ. ಅರೆ ಒದ್ದೆ ಕುರ್ತಾದ ಮೇಲೆ ಲಾವಂಚ ಅಂದರೆ ನೆನೆದ ಗೋಣಿಚೀಲ, ಅದರ ಮೇಲೆ ಮಾವಿನ ಜ್ಯೂಸ್ ಚೆಲ್ಲಿದಂತೆ. ಆಗ ಎರಡನ್ನೂ ಕಪಾಟಿನ ಕತ್ತಲೆ ಮೂಲೆಗೆ ಇಡುತ್ತೇನೆ. ಮಳೆಗಾಲಕ್ಕೆ ಏನು ಹಾಕಬೇಕು ಅನ್ನುವುದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ, ಗೊತ್ತಿದ್ದವರು ಹೇಳಿ. ಸಮುದ್ರದ ಪರಿಮಳದ್ದು ಅಂತ ಮಾತ್ರ ಹೇಳಬೇಡಿ.